ಹೋಗುವ ಫೋಲ್ಡರ್, ಬರುವ ಫೋಲ್ಡರ್

ಮೇ 27, ಮಂಗಳವಾರ

ಪೆನ್‌ಡ್ರೈವ್ ಎರಡು ಹೋಳಾಗಿ ತಲುಪಿತಂತೆ. ಅಂಚೆಯಲ್ಲಿ ಲಕೋಟೆಯ ಮೇಲೆ ಯಾರೋ ಮೊಹರನ್ನು ಜೋರಾಗಿಯೇ ಕುಟ್ಟಿರಬೇಕು. ನನ್ನ ಧ್ವನಿಮುದ್ರಣದ ಮೂಲ ಪ್ರತಿ ಕಂಪ್ಯೂಟರಿನಲ್ಲೇ ಇದೆ, ಹಾಗಾಗಿ ಓದಿದ್ದು ಹಾಳಾಗಲಿಲ್ಲ. ಹಾಳಾದದ್ದು ಹನ್ನೊಂದು ದಿನ. ಪರೀಕ್ಷೆಗೆ ಇನ್ನು ನಲವತ್ತೆಂಟೇ ದಿನ.

ಇದು ಹೊಸ ನೋಟ್‌ಬುಕ್. ಹೊಸ ಪುಸ್ತಕ ಬಂದರೆ ಮೊದಲು ಕಾರ್ಡ್ ಬರೆಯುವ ಅಭ್ಯಾಸ ಕೈಗೆ ಇನ್ನೂ ಇದೆ, ಆದ್ದರಿಂದ ಎಲ್ಲವನ್ನೂ ಒಮ್ಮೆ ಬರೆದಿಡುತ್ತೇನೆ.

ಕಾಲೇಜಿನ ಗ್ರಂಥಾಲಯ ಮುಚ್ಚಿ ಐದು ತಿಂಗಳಾಯಿತು. ಇಪ್ಪತ್ತೆರಡು ವರ್ಷದ ನೌಕರಿಗೆ ಒಂದು ಭಾಷಣ ಮತ್ತು ಒಂದು ಹಳೆಯ ಡೆಸ್ಕ್‌ಟಾಪ್ ಕೊಟ್ಟು ಕಳಿಸಿದರು. ಅದರ ಪಕ್ಕೆಯಲ್ಲಿ ‘ಗ್ರಂಥಾಲಯ–2’ ಎಂಬ ಚೀಟಿ ಇನ್ನೂ ಇದೆ. ಕೀಳಲು ಹೋದೆ, ಅರ್ಧ ಬಂತು. ಬಿಟ್ಟೆ.

ಪರೀಕ್ಷೆ ನನ್ನದಲ್ಲ. ಮೂವತ್ತರ ಆಸುಪಾಸಿನ ಒಬ್ಬಳದು. ನಾನೂ ಜೊತೆಗಿರುವ ಸೋದರತ್ತೆಯೂ ಅವಳನ್ನು ಪರೀಕ್ಷೆಯವಳು ಎಂದೇ ಕರೆಯುತ್ತೇವೆ. ಕಣ್ಣು ಕಾಣುವುದಿಲ್ಲ, ಬೆರಳಿಗೆ ಎಲ್ಲವೂ ಕಾಣುತ್ತದೆ. ಒಂದು ಚಿಕಿತ್ಸಾಲಯದಲ್ಲಿ ನೋವಿನವರ ಬೆನ್ನು, ಭುಜ, ಕತ್ತು ನೀವುವ ಸಹಾಯಕಿ. ಪರವಾನಗಿ ಇಲ್ಲದವರನ್ನು ಈ ವರ್ಷ ಮುಗಿದ ಮೇಲೆ ಇಟ್ಟುಕೊಳ್ಳುವುದಿಲ್ಲ ಎಂದು ಅಲ್ಲಿ ಹೇಳಿದ್ದಾರೆ. ಪರವಾನಗಿಯ ಪರೀಕ್ಷೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಅದಕ್ಕೆ ಓದಬೇಕಾದ ಅಂಗರಚನೆಯ ಪುಸ್ತಕದಲ್ಲಿ ಇಪ್ಪತ್ತನಾಲ್ಕು ಅಧ್ಯಾಯ. ಕೇಳುವ ರೂಪದಲ್ಲಿ ಅದು ಎಲ್ಲೂ ಇಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯದ ಮೂಲೆಯಲ್ಲಿ ಕೂತು ಮೂರು ಅಧ್ಯಾಯ ಓದಿ ಹೇಳಿದ್ದೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು. "ಉಳಿದದ್ದು?" ಎಂದಳು. ಮೈಕ್ ಕೊಂಡೆ.

ಓದುವುದು ಬಟ್ಟೆಯ ಬೀರುವಿನಲ್ಲಿ. ಕಂಬಳಿಗಳನ್ನು ನೇತುಹಾಕಿ, ಸ್ಟೂಲಿನ ಮೇಲೆ ಕೂತು, ತಲೆ ಭುಜಗಳನ್ನು ಒಳಗೆ ತೂರಿಸಿದರೆ ಬೀದಿಯ ಸದ್ದು ಬರುವುದಿಲ್ಲ. ತಪ್ಪಿದರೆ ನಿಲ್ಲಿಸುವ ಹಾಗಿಲ್ಲ. ಒಂದು ಚಪ್ಪಾಳೆ ತಟ್ಟಿ, ಆ ವಾಕ್ಯವನ್ನು ಮೊದಲಿನಿಂದ ಓದಬೇಕು. ಧ್ವನಿಯ ಗೆರೆಯಲ್ಲಿ ಚಪ್ಪಾಳೆ ಬಯಲಿನ ಒಂಟಿ ಮರದಂತೆ ಎದ್ದು ಕಾಣುತ್ತದೆಯಂತೆ. ಸಂಕಲನ ಮಾಡುವವರು ಅದನ್ನು ಹುಡುಕಿಕೊಂಡು ಹೋಗಿ, ಕೆಟ್ಟ ವಾಕ್ಯವನ್ನೂ ಚಪ್ಪಾಳೆಯನ್ನೂ ಕತ್ತರಿಸುತ್ತಾರೆ. ನಮಗೆ ಹಾಗೆ ಕತ್ತರಿಸಿಕೊಡುವವರು ಬೇರೆ ಊರಿನಲ್ಲಿದ್ದಾರೆ, ರೇಡಿಯೊದಿಂದ ನಿವೃತ್ತರಾದವರು. ಕಾಣದವರಿಗಾಗಿ ಓದುವ ನಮ್ಮ ಗುಂಪಿನಲ್ಲಿ ಅವರಿಗೆ ಕತ್ತರಿಯವರು ಎಂದೇ ಹೆಸರು. ಮುಖ ನೋಡಿಲ್ಲ, ದನಿ ಕೇಳಿಲ್ಲ. ಬರವಣಿಗೆಯಲ್ಲಿ ಮಾತ್ರ ಪರಿಚಯ.

ಸಂಜೆ ಫೋನ್ ಬಂತು, ಹಳೆಯ ಸಹೋದ್ಯೋಗಿ. ಸ್ನಾನಕ್ಕೆ ಹೋಗಿದ್ದೇನೆಂದು ಅತ್ತೆಯಿಂದ ಹೇಳಿಸಿದೆ.

ಮೇ 28, ಬುಧವಾರ

ಇ-ಮೇಲ್‌ನಲ್ಲಿ ನಾಲ್ಕನೇ ಅಧ್ಯಾಯ ಕಳಿಸಲು ನೋಡಿದೆ. ಕಡತ ದೊಡ್ಡದಾಯಿತು ಎಂದಿತು. ಅರ್ಧ ಮಾಡಿದೆ. ದೊಡ್ಡದು. ಕಾಲು ಮಾಡಿದೆ. ಇನ್ನೂ ದೊಡ್ಡದು. ಆನೆಯನ್ನು ಕಿಟಕಿಯಿಂದ ದಾಟಿಸಲು ಹೊರಟ ಹಾಗೆ.

ಮೇ 30, ಶುಕ್ರವಾರ

ಇವತ್ತು ಊಟ ಮರೆತೆ! ಬೆಳಿಗ್ಗೆ ಒಂಬತ್ತಕ್ಕೆ ಕೂತವಳು ಮೂರು ಗಂಟೆಗೆ ಎದ್ದೆ. ಕಡತ ಹಂಚಿಕೊಳ್ಳುವ ತಂತ್ರಾಂಶಗಳೇ ಒಂದು ದೊಡ್ಡ ಬಳಗ, ಇಷ್ಟು ದಿನ ಗೊತ್ತೇ ಇರಲಿಲ್ಲ. ಹಳೆಯ ಲೆಡ್ಜರಿನ ಖಾಲಿ ಹಾಳೆಯಲ್ಲಿ ಪಟ್ಟಿ ಮಾಡಿದೆ: ಎಷ್ಟು ದೊಡ್ಡ ಕಡತ ಹೋಗುತ್ತದೆ, ನಡುವೆ ಯಾರಾದರೂ ಇಟ್ಟುಕೊಳ್ಳುತ್ತಾರಾ, ಅರ್ಧದಲ್ಲಿ ಕರೆಂಟ್ ಹೋದರೆ ಮೊದಲಿನಿಂದ ಶುರುವೋ ಬಿಟ್ಟಲ್ಲಿಂದಲೋ, ನನ್ನ ಗ್ರಂಥಾಲಯ–2 ರಂಥ ಮುದಿ ಯಂತ್ರ ತಡೆದುಕೊಳ್ಳುತ್ತದೋ. ಹದಿನಾಲ್ಕು ಹೆಸರು ಬರೆದು ಒಂಬತ್ತಕ್ಕೆ ಅಡ್ಡಗೆರೆ ಎಳೆದೆ. ಅಡ್ಡಗೆರೆ ಎಳೆಯುವುದರಲ್ಲಿ ಇಷ್ಟು ಸುಖ ಇರುತ್ತದೆಂದು ಯಾವ ಕವಿಯೂ ಹೇಳಲಿಲ್ಲ.

ರಿಪೇರಿ ಅಂಗಡಿಯವರನ್ನು ಕೇಳಿದೆ. ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ ಎಂದರು. ಅವರ ಹತ್ತಿರ ಚಾರ್ಜರ್ ಕೇಳಿದರೂ ಅದನ್ನೇ ಹೇಳುತ್ತಾರೆ.

ಜೂನ್ 1, ಭಾನುವಾರ

ತೆರೆದ ಪುಸ್ತಕ ಪಕ್ಕದಲ್ಲೇ ಇರುವಾಗ ನಾನು ಊರೆಲ್ಲ ಹುಡುಕುತ್ತಿದ್ದೆ.

ಅತ್ತೆ ಅಪ್ಪನ ತಂಗಿ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಒಂದೇ ಸೂರಿನಡಿ ಎರಡು ಸ್ವತಂತ್ರ ರಾಜ್ಯಗಳಂತೆ ಬದುಕುತ್ತಿದ್ದೇವೆ. ಗಡಿ ಅಡುಗೆಮನೆ. ಇವತ್ತು ಚಹಾ ಕುಡಿಯುತ್ತ ನನ್ನ ಪಟ್ಟಿ ಓದಿ ಹೇಳಿದೆ. ಅರ್ಥವಾಗಲಿ ಎಂದಲ್ಲ, ಹೇಳಿಕೊಳ್ಳಲು ಬೇರೆ ಯಾರೂ ಇಲ್ಲವೆಂದು. ಅತ್ತೆ ಲೋಟ ಕೆಳಗಿಟ್ಟರು.

"ಇದರಲ್ಲಿ ಕಷ್ಟ ಏನಿದೆ? ಇ-ಮೇಲ್ ಅಂದ್ರೆ ಟೆಲಿಗ್ರಾಂ. ನಾಲ್ಕು ಮಾತಿಗೆ ಸರಿ, ಕಥೆ ಹೇಳೋಕಾಗಲ್ಲ. ಇನ್ನೊಂದು, ಅದೇನೋ ಕ್ಲೌಡ್, ಮೋಡ ಅಂದ್ಯಲ್ಲ, ಅದು ಆಪರೇಟರ್ ಹತ್ರ ಸಂದೇಶ ಬಿಟ್ಟ ಹಾಗೆ. ಆ ಕಡೆಯವರು ಬಂದಾಗ ನಾನು ತಿಳಿಸ್ತೀನಿ. ಆದ್ರೆ ನನ್ನ ಡೆಸ್ಕಿನ ಮೇಲೆ ಎಷ್ಟು ಚೀಟಿ ಹಿಡಿಯುತ್ತೆ ಅಷ್ಟೇ. ಮತ್ತೆ ನಾನೂ ಓದಿರ್ತೀನಿ ಅಂತ ಇಟ್ಕೋ."

"ಓದ್ತಿದ್ರಾ?"

"ಮೂವತ್ತೊಂದು ವರ್ಷ ಸುಮ್ಮನೆ ಕೂತಿರ್ತಾರೇನೇ?"

ಮೂರನೆಯದು, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುವಂಥದ್ದು. ಅದು ಈ ತೂತಿನಿಂದ ಆ ತೂತಿಗೆ ಸಿಕ್ಕಿಸುವ ವೈರು ಎಂದರು. ಮಧ್ಯೆ ಚೀಟಿ ಇಲ್ಲ, ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಆದರೆ ಎರಡು ಕಡೆಯವರೂ ಫೋನ್ ಎತ್ತಿರಬೇಕು. ಹದಿನಾಲ್ಕು ತಂತ್ರಾಂಶ ಮೂರು ಸಾಲಿಗೆ ಇಳಿಯಿತು. ನಾನು ಎದ್ದು ಅತ್ತೆಯ ಕೆನ್ನೆ ಹಿಂಡಿದೆ. ಎಷ್ಟು ವರ್ಷವಾಗಿತ್ತೋ. "ಕೈ ತೊಳ್ಕೊಂಡಿದ್ಯಾ?" ಎಂದರು.

ಜೂನ್ 3, ಮಂಗಳವಾರ

ನೇರ ವೈರು ಹಾಕಿ ಆಯಿತು. ಕತ್ತರಿಯವರಿಗೆ ಇ-ಮೇಲ್‌ನಲ್ಲಿ ಹೆಜ್ಜೆ ಹೆಜ್ಜೆ ಬರೆದೆ, ಅವರು ಹೆಜ್ಜೆ ಹೆಜ್ಜೆಗೂ "ಮಾಡಿದೆ" ಎಂದು ಉತ್ತರಿಸಿದರು. ನಾಲ್ಕನೇ ಅಧ್ಯಾಯ ಹೊರಟಿತು. ಪರದೆಯ ಮೇಲೆ ಹಸಿರು ಗೆರೆ ಇಷ್ಟಿಷ್ಟೇ ಬೆಳೆಯುವುದನ್ನು ನಾನೂ ಅತ್ತೆಯೂ ಹಾಲು ಉಕ್ಕುವುದನ್ನು ಕಾಯುವವರಂತೆ ನೋಡುತ್ತ ಕೂತೆವು. ನಲವತ್ತು ನಿಮಿಷ. ತಲುಪಿತು! ನನ್ನ ದನಿ ಈಗ ಬೇರೆ ಊರಿನ ಒಂದು ಮೇಜಿನ ಮೇಲೆ ಇದೆ. ಮೊಹರಿಲ್ಲ, ಲಕೋಟೆಯಿಲ್ಲ.

ಆದರೆ ಅವರ ಕಂಪ್ಯೂಟರ್ ಸಂಜೆ ಏಳಕ್ಕೆ ಮಲಗುತ್ತದೆ, ಅವರ ಹಾಗೆಯೇ. ಐದನೇ ಅಧ್ಯಾಯ ಅರ್ಧದಲ್ಲಿ ನಿಂತಿತು, ನಾಳೆ ಉಳಿದದ್ದು. ಎರಡೂ ಕಡೆ ಕಾದು ಕೂರುವ ಈ ಪದ್ಧತಿ ಇಪ್ಪತ್ತೊಂದು ಅಧ್ಯಾಯಕ್ಕೆ ನಡೆಯುವುದಿಲ್ಲ.

ಜೂನ್ 5, ಗುರುವಾರ

ಸಿಕ್ಕಿತು, ಸಿಕ್ಕಿತು.

ನಾಲ್ಕು ಮತ್ತು ಐದನ್ನು ಕತ್ತರಿಯವರು ಶುದ್ಧ ಮಾಡಿ ಕಳಿಸಿದರು, ಚೆನ್ನಾಗಿದೆ ಎಂದು ನಾನು ಇ-ಮೇಲ್ ಮಾಡಿದೆ, ಅವರು ಪರೀಕ್ಷೆಯವಳ ಫೋನಿಗೆ ಕಳಿಸಿದರು. ಅದಾದ ಮೇಲೆ ಈ ಹೊಸದನ್ನು ಕಂಡುಹಿಡಿದೆ. ನನ್ನಲ್ಲೊಂದು ಫೋಲ್ಡರ್, ಅವರಲ್ಲೊಂದು ಫೋಲ್ಡರ್, ಎರಡೂ ಅವಳಿ. ಇಲ್ಲಿ ಹಾಕಿದ್ದು ಅಲ್ಲಿ ತಾನಾಗಿ ಮೂಡುತ್ತದೆ, ಅಲ್ಲಿ ಹಾಕಿದ್ದು ಇಲ್ಲಿ. ಒಬ್ಬರು ಮಲಗಿದ್ದರೆ ಎದ್ದ ಮೇಲೆ ಸರಿಮಾಡಿಕೊಳ್ಳುತ್ತದೆ. ಜಾಗದ ಮಿತಿ ಇಲ್ಲ, ನಡುವೆ ಚೀಟಿ ಓದುವವರಿಲ್ಲ. ಕಳಿಸಲು ಮಾತ್ರ, ಪಡೆಯಲು ಮಾತ್ರ, ಕಳಿಸಲು ಮತ್ತು ಪಡೆಯಲು ಎಂದು ಮೂರು ಆಯ್ಕೆ ಇದ್ದವು. ಕೊಡುಕೊಳ್ಳುವುದರಲ್ಲಿ ಜಿಪುಣತನವೇಕೆ, ಮೂರನೆಯದನ್ನು ಒತ್ತಿದೆ. ಇನ್ನು ಇ-ಮೇಲ್ ಕೂಡ ಬೇಡ, ಚೀಟಿಯನ್ನೂ ಫೋಲ್ಡರಿನಲ್ಲೇ ಇಟ್ಟರಾಯಿತು.

ಅತ್ತೆ ಮಾತ್ರ ತಲೆ ಆಡಿಸಿದರು. ಒಂದೇ ತಂತಿಯಲ್ಲಿ ಎರಡು ಮನೆ ಇದ್ದ ಕಾಲ ಅವರಿಗೆ ಗೊತ್ತಂತೆ. ಆ ಮನೆಗಳ ನಡುವೆಯೇ ಜಗಳ ಜಾಸ್ತಿ ಇರುತ್ತಿತ್ತಂತೆ.

ಫೋನ್ ಎರಡು ಸಲ. ಎರಡು ಸ್ನಾನ.

ಜೂನ್ 11, ಬುಧವಾರ

ಹತ್ತನೇ ಅಧ್ಯಾಯ ಓದಿ ಮುಗಿಸಿದೆ. ಬೆನ್ನುಮೂಳೆ. ಮೂವತ್ತಮೂರು ಮಣಿಗಳ ಸರ ಎಂದು ಪುಸ್ತಕದಲ್ಲಿಲ್ಲ, ನನಗನ್ನಿಸಿತು.

ದಿನಕ್ಕೊಂದು ಕ್ರಮ ಬಂದಿದೆ. ಬೆಳಿಗ್ಗೆ ಬೀರು. ಮಧ್ಯಾಹ್ನ ನನ್ನ ಒರಟು ಪ್ರತಿ ಫೋಲ್ಡರಿಗೆ, ಕತ್ತರಿಯವರು ಅದನ್ನು ಆಗಲೇ ತಮ್ಮ ಕಡೆ ನಕಲು ಮಾಡಿಟ್ಟುಕೊಳ್ಳುತ್ತಾರೆ. ಕತ್ತರಿಯವರ ಶುದ್ಧ ಪ್ರತಿ ಸಂಜೆಯೊಳಗೆ ಬಂದಿದ್ದರೆ, ಎಂಟು ಗಂಟೆಗೆ ಅದನ್ನು ಅಲ್ಲಿಂದ ಎತ್ತಿ ‘ಮುಗಿದವು’ ಎಂಬ ನನ್ನದೇ ಫೋಲ್ಡರಿನಲ್ಲಿ ಸಾಲಾಗಿ ಜೋಡಿಸುತ್ತೇನೆ. ಓದಿದ ಪುಸ್ತಕ ಮೇಜಿನ ಮೇಲೆ ಉಳಿಯಬಾರದು, ಕಪಾಟಿಗೆ ಹೋಗಬೇಕು. ಅವರು ಇಟ್ಟ ಚೀಟಿಯ ಕೆಳಗೆ "ತಲುಪಿತು, ಬಹಳ ಚೆನ್ನಾಗಿದೆ" ಎಂದು ಬರೆದು ಅದನ್ನೂ ‘ಪತ್ರಗಳು’ ಎಂಬಲ್ಲಿಗೆ ಸರಿಸುತ್ತೇನೆ. ಮಲಗುವ ಮುಂಚೆ ಜೋಡಿ ಫೋಲ್ಡರ್ ಗುಡಿಸಿದ ಅಂಗಳದಂತೆ ಖಾಲಿ. ನೋಡಿದರೆ ಎದೆ ತಂಪಾಗುತ್ತದೆ.

ಜೂನ್ 17, ಮಂಗಳವಾರ

ವಿಚಿತ್ರ. ಆರನೇ ಅಧ್ಯಾಯ ಮತ್ತೆ ಬಂತು. ‘ಮುಗಿದವು’ ಫೋಲ್ಡರಿಗೆ ಸರಿಸುವಾಗ ಅದೇ ಹೆಸರಿನದು ಇದೆ, ಬದಲಾಯಿಸಲೇ ಎಂದು ಕಂಪ್ಯೂಟರ್ ಕೇಳಿತು. ಹೂಂ ಎಂದೆ. ನಿನ್ನೆ ಏಳನೆಯದೂ ಹೀಗೇ ಮಾಡಿತ್ತು. ಈ ತಂತ್ರಾಂಶಕ್ಕೆ ಕೊಡುವುದರಲ್ಲಿ ಎಂಥ ಸಂಭ್ರಮ, ಕೊಟ್ಟದ್ದನ್ನೇ ಮತ್ತೆ ಕೊಡುತ್ತದೆ. ಅಜ್ಜಿಯಂದಿರ ಸ್ವಭಾವ.

ಹದಿಮೂರನೆಯದು ಓದಿದೆ. ಹನ್ನೊಂದೇ ಚಪ್ಪಾಳೆ.

ಜೂನ್ 20, ಶುಕ್ರವಾರ

ಕತ್ತರಿಯವರ ಚೀಟಿ: "ಮಾನ್ಯರೇ, ತಮ್ಮ ತೀರ್ಮಾನ ತಿಳಿಯಿತು. ಉಸಿರುಗಳನ್ನು ಅತಿಯಾಗಿ ಕತ್ತರಿಸಿದ್ದೆನೇನೋ. ಇನ್ನೊಮ್ಮೆ ಪ್ರಯತ್ನಿಸುತ್ತೇನೆ." ಏನು ವಿನಯ! ಇಷ್ಟು ಚೆನ್ನಾಗಿ ಮಾಡಿಯೂ ಸಮಾಧಾನವಿಲ್ಲ ಇವರಿಗೆ. "ತಮ್ಮ ಕೆಲಸ ಅದ್ಭುತ" ಎಂದು ಕೆಳಗೆ ಬರೆದು ಪತ್ರಗಳಲ್ಲಿ ಇಟ್ಟೆ.

ದಿಂಬಿನ ಪಕ್ಕದ ಕವನಸಂಕಲನದ ಮೇಲೆ ಧೂಳು ಕೂತಿತ್ತು. ಒರೆಸಿದೆ. ಓದಲಿಲ್ಲ, ಒರೆಸಿದೆ.

ಜೂನ್ 26, ಗುರುವಾರ

ನಗಬೇಕೋ ಹೆದರಬೇಕೋ ಗೊತ್ತಿಲ್ಲ. ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಫೋನ್ ಬಂತು. ನಾನು ಅಭ್ಯಾಸದಂತೆ ಸ್ನಾನಕ್ಕೆ ಹೋದೆ, ಅಂದರೆ ಕುರ್ಚಿಯಲ್ಲೇ ಕೂತಿದ್ದೆ. ಅತ್ತೆ ಬಹಳ ಹೊತ್ತು ಕೇಳಿಸಿಕೊಂಡರು. ಫೋನ್ ಇಟ್ಟು ಬಂದು ನನ್ನೆದುರು ನಿಂತರು.

"ನಿನ್ನ ಪರೀಕ್ಷೆಯವಳು. ಐದನೇ ಪಾಠ ಆದ್ಮೇಲೆ ಅವಳಿಗೆ ಒಂದೂ ಬಂದಿಲ್ವಂತೆ. ಮೂರು ವಾರ ಕಾದಳಂತೆ. ಮೇಡಂಗೆ ಬೇಜಾರಾಗಿದ್ರೆ ಪರವಾಗಿಲ್ಲ, ಹೇಳ್ಬಿಡಿ ಅಂತ ಕೇಳಿದ್ಳು."

ಸಾಧ್ಯವೇ ಇಲ್ಲ ಎಂದೆ. ಹದಿನಾರರವರೆಗೆ ಓದಿ ಕಳಿಸಿದ್ದೇನೆ, ಆರರಿಂದ ಒಂಬತ್ತರವರೆಗೆ ಶುದ್ಧ ಪ್ರತಿಗಳು ಬಂದು ನನ್ನ ಹತ್ತಿರ ಭದ್ರವಾಗಿವೆ. ಬೇಕಾದರೆ ಈಗಲೇ ಚೀಟಿ ಬರೆದು ಫೋಲ್ಡರಿಗೆ ಹಾಕುತ್ತೇನೆ ಎಂದು ಕಂಪ್ಯೂಟರಿನ ಕಡೆ ತಿರುಗಿದೆ.

"ಹದಿನೆಂಟು ದಿನ ಉಳಿದಿದೆ, ಚೀಟಿ ಬರೀತಾಳಂತೆ," ಎಂದರು ಅತ್ತೆ. ಕತ್ತರಿಯವರ ಮೊದಲ ಇ-ಮೇಲಿನ ಕೆಳಗಿದ್ದ ಸಂಖ್ಯೆ ನೋಡಿ ತಾವೇ ಒತ್ತಿದರು. ಆ ಕಡೆ ಹಲೋ ಎಂದದ್ದೇ, "ಒಂದು ನಿಮಿಷ, ಲೈನ್ ಕೊಡ್ತಾ ಇದೀನಿ," ಎಂದು ಹಳೆಯ ದನಿಯಲ್ಲಿ ಹೇಳಿ ಫೋನನ್ನು ನನ್ನ ಕಿವಿಗೆ ಒತ್ತಿದರು.

"ಕ್ಷಮಿಸಿ ಮೇಡಂ," ಎಂದಿತು ನಾನು ಎಣಿಸಿದ್ದಕ್ಕಿಂತ ತೆಳುವಾದ ಒಂದು ದನಿ. "ಮೂರನೇ ಸಲಾನೂ ನಿಮಗೆ ಒಪ್ಪಿಗೆ ಆಗ್ಲಿಲ್ಲ. ನನ್ನ ಕೈ ಹಳೇದಾಗಿದೆ ಅಂತ ಕಾಣ್ಸುತ್ತೆ."

"ಯಾವುದು ಮೂರನೇ ಸಲ, ಸರ್?"

"ಆರನೇ ಅಧ್ಯಾಯ. ಮೂರು ಸಲ ಇಟ್ಟೆ, ಮೂರು ಸಲ ನೀವು ತೆಗೆದ್ರಿ."

ತೆಗೆದಿಲ್ಲ, ಜೋಡಿಸಿಟ್ಟಿದ್ದೇನೆ ಎಂದೆ. ಅವರು ರೇಡಿಯೊದಲ್ಲಿ ಹೇಗಿತ್ತೆಂದು ಹೇಳಿದರು. ಸಂಕಲನವಾದ ಟೇಪನ್ನು ರ‍್ಯಾಕಿನಲ್ಲಿ ಇಟ್ಟು ಮನೆಗೆ ಹೋಗಬೇಕು. ಓದಿದವರು ರಾತ್ರಿ ಬಂದು ಕೇಳುತ್ತಾರೆ. ಬೆಳಿಗ್ಗೆ ಟೇಪು ರ‍್ಯಾಕಿನಲ್ಲೇ ಇದ್ದರೆ ಒಪ್ಪಿಗೆ, ಪ್ರಸಾರಕ್ಕೆ ಹೋಗಬಹುದು. ಟೇಪು ಅಲ್ಲಿಲ್ಲದಿದ್ದರೆ ಒಪ್ಪಿಗೆಯಿಲ್ಲ, ಮತ್ತೆ ಮಾಡು. ಯಾಕೆಂದು ಕೇಳುವ ಪದ್ಧತಿ ಇರಲಿಲ್ಲ. ಕೇಳಿದರೆ ಓದಿದವರಿಗೆ ಮುಜುಗರ. ಮೂವತ್ತು ವರ್ಷ ಹಾಗೇ ನಡೆಯಿತು.

ಇಲ್ಲಿ ನಾನು ಪ್ರತಿ ಸಂಜೆ ಎಂಟಕ್ಕೆ ಫೋಲ್ಡರ್ ಗುಡಿಸುತ್ತಿದ್ದೆ. ಅವಳಿ ಫೋಲ್ಡರ್ ತಾನೆ, ಇಲ್ಲಿಂದ ಹೋದದ್ದು ಅಲ್ಲಿಂದಲೂ ಹೋಗುತ್ತಿತ್ತು. ಪ್ರತಿ ಬೆಳಿಗ್ಗೆ ಆ ಮನುಷ್ಯ ಕಂಪ್ಯೂಟರ್ ತೆರೆದು, ಖಾಲಿ ರ‍್ಯಾಕ್ ನೋಡಿ, ನಿಟ್ಟುಸಿರು ಬಿಟ್ಟು, ಅದೇ ಅಧ್ಯಾಯವನ್ನು ಮತ್ತೆ ಕತ್ತರಿಸುತ್ತಿದ್ದರು. ಆರು ಮತ್ತು ಏಳು ಮೂರು ಮೂರು ಸಲ. ಎಂಟು, ಒಂಬತ್ತು ಎರಡೆರಡು ಸಲ. ನಾನು ಒಪ್ಪಿಗೆ ಕೊಡದ್ದನ್ನು ಪರೀಕ್ಷೆಯವಳಿಗೆ ಕಳಿಸುವುದು ಹೇಗೆ? ನನ್ನ ಹೊಗಳಿಕೆಯ ಚೀಟಿಗಳೆಲ್ಲ? ಅವರ ಯಂತ್ರ ಏಳಕ್ಕೇ ಮಲಗಿರುತ್ತಿತ್ತು. ಅದು ಏಳುವುದರೊಳಗೆ ನಾನು ಅವನ್ನೂ ಕಪಾಟಿಗೆ ಸೇರಿಸಿರುತ್ತಿದ್ದೆ. ತಾವು ಬರೆದ ಚೀಟಿಯನ್ನು ನಾನು ಹರಿದು ಬಿಸಾಡುತ್ತೇನೆ ಎಂದುಕೊಂಡಿದ್ದರಂತೆ ಪಾಪ.

ನಾನು ನಗಲು ಶುರುಮಾಡಿದೆ. ತಪ್ಪು, ಮಹಾ ತಪ್ಪು, ಆದರೂ ನಿಲ್ಲಲಿಲ್ಲ. ಆಮೇಲೆ ಅವರೂ. ತೆಳು ದನಿಯ ಮನುಷ್ಯನ ನಗು ದಪ್ಪಗಿದೆ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿದರು. "ಇಬ್ಬರೂ ಮರ್ಯಾದೆಯಲ್ಲೇ ಮುಳುಗಿ ಹೋಗ್ತಿದ್ರಿ. ಆ ಹುಡುಗಿನೂ ಎಳ್ಕೊಂಡು."

ಆಮೇಲೆ ಪರೀಕ್ಷೆಯವಳಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. "ಸದ್ಯ," ಎಂದಳು, ಅಷ್ಟೇ. ಆರರಿಂದ ಒಂಬತ್ತು ಇವತ್ತೇ ಅವಳಿಗೆ ಹೋದವು.

ಜೂನ್ 27, ಶುಕ್ರವಾರ

ಅವಳಿ ಫೋಲ್ಡರ್ ಕಿತ್ತುಹಾಕಿದೆ. ತಂತ್ರಾಂಶ ಅದೇ, ಅದರ ತಪ್ಪಲ್ಲ, ಅದು ಹೇಳಿದಂತೆ ಕೇಳಿತು. ಎಕ್ಸ್‌ಚೇಂಜಿನಲ್ಲಿ ಹೋಗುವ ಕರೆಗೆ ಒಂದು ತಂತಿ, ಬರುವ ಕರೆಗೆ ಒಂದು ತಂತಿ ಬೇರೆ ಇರುತ್ತಿತ್ತು ಎಂದು ಅತ್ತೆ ಹೇಳಿದರು. ಹಾಗೇ ಮಾಡಿದೆ. ‘ಹೋಗುವುದು’: ನನ್ನಿಂದ ಕಳಿಸಲು ಮಾತ್ರ. ‘ಬರುವುದು’: ನನಗೆ ಪಡೆಯಲು ಮಾತ್ರ. ಈಗ ನಾನು ಇಲ್ಲಿ ಗುಡಿಸಿದರೂ ಒರೆಸಿದರೂ ಅಲ್ಲಿ ಅವರ ರ‍್ಯಾಕ್ ಅಲುಗುವುದಿಲ್ಲ. ಪರೀಕ್ಷಿಸಿ ನೋಡಲೆಂದು ‘ಬರುವುದು’ ಫೋಲ್ಡರಿನಿಂದ ಒಂದು ಕಡತ ಅಳಿಸಿದೆ, ಅವರು ಆ ಕಡೆಯಿಂದ "ಇದೆ ಇದೆ, ಇಲ್ಲೇ ಇದೆ," ಎಂದು ಫೋನಿನಲ್ಲಿ ಕೂಗಿದರು. ಇನ್ನೊಂದು ಅಳಿಸಿದೆ. "ಇದೂ ಇದೆ!" ಇಬ್ಬರು ಮುದಿಮಕ್ಕಳ ಆಟ.

ಹತ್ತರಿಂದ ಇಪ್ಪತ್ತನಾಲ್ಕು. ಹದಿನೈದು ಅಧ್ಯಾಯ, ಹದಿನೇಳು ದಿನ, ಅವಳಿಗೆ ಕೇಳಲು ಸಮಯ ಬೇರೆ ಬೇಕು. ಇಷ್ಟು ದಿನ ಒಂದಕ್ಕೆ ಎರಡು ದಿನ ತೆಗೆದುಕೊಳ್ಳುತ್ತಿದ್ದ ಕತ್ತರಿಯವರು ಇನ್ನು ದಿನಕ್ಕೊಂದು ಮಾಡುತ್ತೇನೆ ಎಂದಿದ್ದಾರೆ.

ಜೂನ್ 30, ಸೋಮವಾರ

ಹನ್ನೆರಡು ಮುಗಿಯಿತು. ಹತ್ತೊಂಬತ್ತು ಓದಿದೆ. ಗಂಟಲಿಗೆ ಬಿಸಿನೀರು. ಬರೆಯಲು ಪುರುಸೊತ್ತಿಲ್ಲ.

ಜುಲೈ 4, ಶುಕ್ರವಾರ

ಇಪ್ಪತ್ತಮೂರನೇ ಅಧ್ಯಾಯ: ಮಣಿಕಟ್ಟು.

ಎಂಟು ಪುಟ್ಟ ಮೂಳೆಗಳಂತೆ, ಎರಡು ಸಾಲಿನಲ್ಲಿ. ಮೊದಲ ಸಾಲು ಹೆಬ್ಬೆರಳಿನ ಕಡೆಯಿಂದ: ದೋಣಿಯಂಥದ್ದು, ಅರ್ಧಚಂದ್ರ, ಮೂರು ಮೂಲೆಯದು, ಬಟಾಣಿ. ಎರಡನೆಯ ಸಾಲಿನ ಕೊನೆಗೆ ಒಂದು ಕೊಕ್ಕೆ. ನಲವತ್ತೆಂಟು ವರ್ಷ ಈ ಕೈಯಲ್ಲಿ ಒಂದು ದೋಣಿ, ಒಂದು ಚಂದ್ರ ಹೊತ್ತು ತಿರುಗಿದ್ದೇನೆ, ಯಾರೂ ಹೇಳಲಿಲ್ಲ. ಓದುತ್ತ ಓದುತ್ತ ತಲೆ ಹಗುರಾಗಿ, ಲಯ ಹಿಡಿದು, ಮೂರು ಮೂಲೆಯದಾದ ಮೇಲೆ ಓಡಿಬಿಟ್ಟೆ, ಬಟಾಣಿ ಬಿಟ್ಟುಹೋಯಿತು. ಚಪ್ಪಾಳೆ. ಮತ್ತೆ ಓದಿದೆ, ಮತ್ತೆ ಬಟಾಣಿ ಬಿಟ್ಟೆ. ಚಪ್ಪಾಳೆ. ಮೂರನೇ ಸಲವೂ. ಕಂಬಳಿಗಳ ನಡುವೆ ಒಬ್ಬಳೇ ಚಪ್ಪಾಳೆ ತಟ್ಟುತ್ತ ಕೂತವಳನ್ನು ಯಾರಾದರೂ ನೋಡಿದ್ದರೆ ಆಸ್ಪತ್ರೆಗೆ ಸೇರಿಸುತ್ತಿದ್ದರು. ಒಂದೇ ಅಧ್ಯಾಯದಲ್ಲಿ ಮೂವತ್ತೊಂದು ಚಪ್ಪಾಳೆ, ನನ್ನ ದಾಖಲೆ.

ಕತ್ತರಿಯವರಿಗೆ ಹೇಳಿದೆ. "ತಟ್ಟೋಕೆ ಬೇಕಾದ ಮೂಳೆಗಳ ಬಗ್ಗೆನೇ ಅಧ್ಯಾಯ ಅಲ್ವಾ, ಬಿಡಿ," ಎಂದರು. ಇವತ್ತು ಮಾತು ಸ್ವಲ್ಪ ಉದ್ದವಾಯಿತು, ಪುಸ್ತಕ ಬಿಟ್ಟು ಬೇರೆ ಏನೇನೋ. ಕಾಲೇಜಿನ ಗ್ರಂಥಾಲಯ ಮುಚ್ಚಿದ್ದನ್ನೂ ಹೇಳಿದೆ. "ಹಾಗಾದ್ರೆ ಕಪಾಟುಗಳೆಲ್ಲ ಏನಾದ್ವು?" ಎಂದು ಕೇಳಿದರು. ಉಳಿದವರೆಲ್ಲ ‘ಇನ್ನು ಮುಂದೇನು’ ಎಂದೇ ಕೇಳುತ್ತಾರೆ.

ಜುಲೈ 9, ಬುಧವಾರ

ಇಪ್ಪತ್ತೊಂದರವರೆಗೆ ಶುದ್ಧವಾಗಿ ಹೋಗಿದೆ. ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು ಉಳಿದಿವೆ. ಮೊಣಕೈ, ಮಣಿಕಟ್ಟು, ಬೆರಳು. ಕತ್ತರಿಯವರ ಕಣ್ಣು ಊದಿದೆಯಂತೆ, ಪರದೆ ನೋಡಬೇಡಿ ಎಂದಿದ್ದಾರಂತೆ ವೈದ್ಯರು. ಒಂದೆರಡು ದಿನ ತಡೆದರೆ ಮಾಡುತ್ತೇನೆ ಎಂದರು. ತಡೆದರೆ ಪರೀಕ್ಷೆಯವಳು ಕೇಳುವುದು ಯಾವಾಗ? ಪರೀಕ್ಷೆ ಸೋಮವಾರ.

"ಹಾಗೇ ಕಳಿಸ್ಬಿಡಿ, ಮೇಡಂ. ಚಪ್ಪಾಳೆ ಸಮೇತ."

ಆಗುವುದಿಲ್ಲ ಎಂದೆ. ನನ್ನ ತೊದಲು, ನನ್ನ ತಪ್ಪು, ಮೂರು ಸಲ ಬಿಟ್ಟ ಬಟಾಣಿ, ಒಂದು ಕಡೆ "ಥೂ ನಿನ್ನ" ಎಂದು ನನ್ನನ್ನೇ ಬೈದುಕೊಂಡದ್ದು, ಎಲ್ಲವೂ ಇದೆ ಅದರಲ್ಲಿ. ಇಪ್ಪತ್ತೆರಡು ವರ್ಷ ಒಂದು ಹರಿದ ಹಾಳೆಯ ಪುಸ್ತಕವನ್ನೂ ಯಾರ ಕೈಗೂ ಕೊಟ್ಟವಳಲ್ಲ ನಾನು. ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಅತ್ತೆ ಚಾಕು ಕೆಳಗಿಡದೆಯೇ ಹೇಳಿದರು: "ತಪ್ಪಾದ ತಕ್ಷಣ ಚಪ್ಪಾಳೆ ಹೊಡೆದು ತಪ್ಪಾಯ್ತು ಅಂತ ಹೇಳೋರು ಊರಲ್ಲಿ ಎಷ್ಟು ಜನ ಇದಾರೆ ಹೇಳು. ಕೇಳ್ಲಿ ಬಿಡು ಅವಳು."

ಐದು ನಿಮಿಷ ನಿಂತಿದ್ದೆ. ಆಮೇಲೆ ಕತ್ತರಿಯವರನ್ನು ತೊಂದರೆಪಡಿಸದೆ ನಾನೇ ನೇರವಾಗಿ ಅವಳಿಗೆ ಕಳಿಸಿದೆ. ಫೋನಿಗೆ ಹೋಗುವಂತೆ ಮೂರನ್ನೂ ಚಿಕ್ಕದು ಮಾಡಿ, ಕೊಂಡಿ ಕೊಟ್ಟು, ತೆರೆಯಿತೆಂದು ಅವಳ ಬಾಯಿಂದಲೇ ಕೇಳಿ ಖಚಿತ ಮಾಡಿಕೊಂಡೆ. ಹನ್ನೆರಡು ನಿಮಿಷದ ಕೆಲಸ. ಚಪ್ಪಾಳೆ ಬಿದ್ದರೆ ಅದಕ್ಕೆ ಮುಂಚಿನ ವಾಕ್ಯ ಮರೆತುಬಿಡು, ಮುಂದಿನದನ್ನು ಹಿಡಿ ಎಂದು ಹೇಳಿಕೊಟ್ಟೆ.

ಜುಲೈ 14, ಸೋಮವಾರ

ಇವತ್ತು ಪರೀಕ್ಷೆ. ಹತ್ತರಿಂದ ಒಂದು. ಅತ್ತೆ ಮೂರು ಸಲ ಚಹಾ ಮಾಡಿ ಎರಡು ಸಲ ಚೆಲ್ಲಿದರು. ಕತ್ತರಿಯವರು ಹತ್ತೂಕಾಲಿಗೆ, ಹನ್ನೊಂದಕ್ಕೆ, ಹನ್ನೆರಡೂವರೆಗೆ ಮಾತಾಡಿದರು. ಯಾರಲ್ಲೂ ಸುದ್ದಿ ಇರಲಿಲ್ಲ.

ಕವನಸಂಕಲನ ತೆಗೆದು ಎರಡು ಕವನ ಗಟ್ಟಿಯಾಗಿ ಓದಿದೆ, ಹೊತ್ತು ಹೋಗಲೆಂದು. ಒಂದು ಕಡೆ ಸಾಲು ತಪ್ಪಿ ಕೈ ತಾನಾಗಿ ಚಪ್ಪಾಳೆ ತಟ್ಟಿತು.

ಸಂಜೆಯವರೆಗೂ ಅವಳ ಫೋನ್ ಬರಲಿಲ್ಲ.

ಜುಲೈ 15, ಮಂಗಳವಾರ

ಫೋನ್ ಬಂದಾಗ ನಾನು ನಿಜವಾಗಿಯೂ ಸ್ನಾನಕ್ಕೆ ಹೋಗಿದ್ದೆ. ತಲೆಗೆ ಸೋಪು ಹಾಕಿಯಾಗಿತ್ತು. ಅತ್ತೆ ಬಾಗಿಲು ಬಡಿದರು. "ಬಾರೇ ಬೇಗ, ಸ್ನಾನಕ್ಕೆ ಹೋಗಿದ್ದಾಳೆ ಅಂದ್ರೆ ನಂಬ್ತಾ ಇಲ್ಲ ಇವಳು."

ಟವೆಲ್ ಸುತ್ತಿಕೊಂಡು ಓಡಿದೆ. ನೆಲದ ಮೇಲೆಲ್ಲ ನೀರು.

ನಿನ್ನೆ ಪರೀಕ್ಷೆ ಮುಗಿದ ಮೇಲೆ ಸುಸ್ತಾಗಿ ಮಲಗಿಬಿಟ್ಟಳಂತೆ. ಉತ್ತರ ಬರೆದುಕೊಡುವವರಿಗೆ ಮೂರು ಗಂಟೆ ಒಂದೇ ಸಮನೆ ಹೇಳಿ ಬರೆಸಿದ್ದಾಳೆ. ಫಲಿತಾಂಶಕ್ಕೆ ತಿಂಗಳು ಇದೆ, ಆದರೆ ಒಂದನ್ನು ಮಾತ್ರ ಈಗಲೇ ಹೇಳಬೇಕು ಎಂದಳು.

"ಐದನೇ ಪ್ರಶ್ನೆ, ಮೇಡಂ. ಮಣಿಕಟ್ಟಿನ ಮೂಳೆಗಳನ್ನ ಕ್ರಮವಾಗಿ ಹೇಳಿ ಅಂತ. ದೋಣಿ, ಚಂದ್ರ, ಮೂರು ಮೂಲೆ ಅಂತ ಹೇಳಿ ಎರಡನೇ ಸಾಲಿಗೆ ಹೋಗ್ತಾ ಇದ್ದೆ. ಕಿವೀಲಿ ನಿಮ್ಮ ಚಪ್ಪಾಳೆ ಬಿತ್ತು. ನಿಂತೆ. ಬಟಾಣಿ ಬಿಟ್ಟಿದ್ದೆ."

ಫೋನ್ ಹಿಡಿದ ಕೈಯ ಮಣಿಕಟ್ಟಿನಲ್ಲಿ ಬಟಾಣಿಯನ್ನು ಹುಡುಕಿ ಮುಟ್ಟಿದೆ.

"ಕೊನೇ ಮೂರು ಪಾಠದ ಒಂದು ಅಕ್ಷರಾನೂ ಮರ್ತಿಲ್ಲ. ನೀವು ಎಲ್ಲೆಲ್ಲಿ ತಪ್ಪಿದ್ರೋ ಅಲ್ಲೆಲ್ಲ ಎರಡು ಸಲ ಕೇಳಿದ್ದೆ. ಶುದ್ಧವಾಗಿ ಬಂದ ಪಾಠಗಳು ಚೆನ್ನಾಗಿದ್ವು, ಆದ್ರೆ ನೀರಿನ ಹಾಗೆ ಹರಿದುಹೋದ್ವು." ಹಾಗೇ ಮುಂದುವರಿಸಿದಳು: "ಪಾಸಾದ್ರೆ ಪರವಾನಗಿ ಸಿಗುತ್ತೆ, ಮುಂದಿನ ವರ್ಷ ಮೇಲಿನ ದರ್ಜೆಗೆ ಪುಸ್ತಕದ ಎರಡನೇ ಭಾಗ ಇದೆ, ಮೇಡಂ. ಮೂವತ್ತು ಅಧ್ಯಾಯ. ನೀವು ಓದೋದಾದ್ರೆ, ಚಪ್ಪಾಳೆ ಕತ್ತರಿಸ್ಬೇಡಿ ಅಂತ ಆ ಸರ್‌ಗೆ ಹೇಳ್ತೀರಾ?"

ಹೇಳುತ್ತೇನೆ ಎಂದೆ. ಪಾಸಾಗಲಿ ಬಿಡಲಿ, ಮೊದಲ ಅಧ್ಯಾಯ ನಾಳೆಯೇ ಶುರು ಎಂದೂ ಹೇಳಿದೆ.

ಇಟ್ಟ ಫೋನನ್ನು ಅಲ್ಲೇ ಮತ್ತೆ ಎತ್ತಿ ಕತ್ತರಿಯವರ ಸಂಖ್ಯೆ ಒತ್ತಿದೆ. ನೋಡಿಕೊಳ್ಳುವ ಅಗತ್ಯ ಬೀಳಲಿಲ್ಲ. ಮೂವತ್ತು ವರ್ಷ ಕತ್ತರಿಸಿದ ಮನುಷ್ಯನಿಗೆ ಕತ್ತರಿಸಬೇಡಿ ಎಂದು ಹೇಳುವುದು ಹೇಗೆ ಎಂದು ಯೋಚಿಸುತ್ತ ನಿಂತಿದ್ದೆ, ಆ ಕಡೆ ಗಂಟೆ ಹೊಡೆಯುತ್ತಿತ್ತು. ಅತ್ತೆ ನೆಲ ಒರೆಸುವ ಬಟ್ಟೆ ಹಿಡಿದು ಬಂದು ನನ್ನ ಪಾದದ ಸುತ್ತ ಒರೆಸತೊಡಗಿದರು.

"ಇನ್ನು ಯಾರಾದ್ರೂ ಫೋನ್ ಮಾಡಿದ್ರೆ ಏನು ಹೇಳ್ಲಿ?"

"ಲೈನ್ ಬಿಜಿ ಇದೆ ಅನ್ನಿ," ಎಂದೆ. ಅಷ್ಟರಲ್ಲಿ ಆ ಕಡೆ ಕತ್ತರಿಯವರು ಎತ್ತಿದರು.